ಕರಾವಳಿ–ಮಲೆನಾಡಿನ ಮನೆಗಳಲ್ಲಿ ಹೊರಮರದ ರಕ್ಷಣೆ: ಒಂದು ಚಾರಿತ್ರಿಕ ಪರಿಶೀಲನೆ

೧. ಪ್ರಸ್ತಾವನೆ

ಕರ್ನಾಟಕದ ಮರಗೆಲಸವನ್ನು ಕುರಿತ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಕೆತ್ತನೆಯ ಅಧ್ಯಯನಗಳಾಗಿವೆ. ಕಂಬದ ಬೋದಿಗೆ, ಬಾಗಿಲವಾಡದ ಬಳ್ಳಿ, ತೊಲೆಯ ತುದಿಯ ಗಿಳಿ, ರಥದ ಗಡ್ಡೆಯ ಶಿಲ್ಪ ಮೊದಲಾದವುಗಳ ವಿನ್ಯಾಸ, ಆಶಯ ಹಾಗೂ ಕಾಲವನ್ನು ಕುರಿತು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ವರ್ಷದ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಪ್ರದೇಶದಲ್ಲಿ ಈ ಮರ ತಲೆಮಾರುಗಳ ಕಾಲ ಹೇಗೆ ಉಳಿದುಬಂದಿತು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿದಂತಿಲ್ಲ. ಈ ಮಾತು ಪ್ರಸ್ತುತ ಲೇಖಕನಿಗೂ ಅನ್ವಯಿಸುತ್ತದೆ.

ಹಲವು ವರ್ಷಗಳ ಹಿಂದೆ ಕಾರ್ಕಳ ಪರಿಸರದ ಒಂದು ಹಳೆಯ ಮನೆಯಲ್ಲಿ ಚಾವಡಿಯ ಕಂಬಗಳನ್ನು ಅಳೆದು ದಾಖಲಿಸುತ್ತಿದ್ದಾಗ, ಆ ಮನೆಯ ಹಿರಿಯಾಕೆ ಬಹಳ ಹೊತ್ತು ನೋಡಿ, 'ಹೂವನ್ನೂ ಗಿಳಿಯನ್ನೂ ಬರೆದುಕೊಂಡಿರಿ. ಇದು ಇಷ್ಟು ಮಳೆಗಾಲ ಹೇಗೆ ಕಳೆಯಿತು ಎಂದು ಕೇಳಲಿಲ್ಲವಲ್ಲ' ಎಂದರು. ಉತ್ತರವನ್ನು ಬರೆದುಕೊಳ್ಳಲು ನನ್ನ ದಾಖಲೆಪತ್ರದಲ್ಲಿ ಅಂಕಣವೇ ಇರಲಿಲ್ಲ. ಆ ಪ್ರಶ್ನೆಯೇ ಈ ಲೇಖನದ ಮೂಲ.

ಇಲ್ಲಿ 'ಹೊರಮರ' ಎಂಬ ಪದವನ್ನು ಮನೆಯ ಸುತ್ತ ಬಿಸಿಲು ಮಳೆಗಳಿಗೆ ನೇರವಾಗಿ ಒಡ್ಡಿಕೊಂಡಿರುವ ಮರವೆಂಬ ಅರ್ಥದಲ್ಲಿ ಬಳಸಲಾಗಿದೆ. ಜಗಲಿಯ ಕಂಬ, ಸೂರಿನಿಂದ ಹೊರಚಾಚಿದ ಪಕ್ಕಾಸು, ಬಾಗಿಲು ಕಿಟಕಿಗಳ ಹೊರಮೈ, ಅಂಗಳದ ದಣಪೆ ಮತ್ತು ತಡಮೆ, ಬಾವಿಯ ರಾಟೆಕಂಬ, ಕೊಟ್ಟಿಗೆಯ ಗೂಟ ಇವೆಲ್ಲ ಇದರಲ್ಲಿ ಸೇರುತ್ತವೆ. ಅಧ್ಯಯನದ ವ್ಯಾಪ್ತಿಯನ್ನು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಿಗೂ ಅವುಗಳಿಗೆ ತಾಗಿದ ಮಲೆನಾಡಿಗೂ ಸೀಮಿತಗೊಳಿಸಲಾಗಿದೆ. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುವ ಕರಾವಳಿಯಲ್ಲಿ ಮರವನ್ನು ಕಾಯುವುದು ಅಲಂಕಾರದ ಪ್ರಶ್ನೆಯಲ್ಲ, ಮನೆಯ ಅಳಿವು ಉಳಿವಿನ ಪ್ರಶ್ನೆ. ಈ ಪ್ರದೇಶದಲ್ಲಿ ಮರದ ರಕ್ಷಣೆಯೆಂಬುದು ಯಾವುದೋ ಒಂದು ಲೇಪನದ್ರವ್ಯದ ಹೆಸರಲ್ಲ. ಅದು ವರ್ಷವರ್ಷವೂ ನಿಗದಿತ ಕಾಲದಲ್ಲಿ, ನಿಗದಿತ ಕೈಗಳಿಂದ ನಡೆಯುತ್ತಿದ್ದ ಒಂದು ಪಾಲನಾಕ್ರಮ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨. ಲೇಪನಕ್ಕೆ ಮುಂಚಿನ ರಕ್ಷಣೆ

ಮರ ಹಾಳಾಗುವುದು ಮುಖ್ಯವಾಗಿ ಮೂರು ಕಾರಣಗಳಿಂದ. ಬಿಸಿಲಿನ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬಂಧಿಸಿಡುವ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತವೆ. ಹೊರಮೈ ಬೂದುಬಣ್ಣಕ್ಕೆ ತಿರುಗಿ ಸಿಬಿರೇಳುತ್ತದೆ. ಮರದ ತೇವಾಂಶ ಸರಿಸುಮಾರು ಶೇಕಡಾ ೨೦ನ್ನು ಮೀರಿ ಬಹುಕಾಲ ನಿಂತರೆ ಶಿಲೀಂಧ್ರ ಬೆಳೆದು ಮರ ಲಡ್ಡಾಗುತ್ತದೆ. ಮೂರನೆಯದು ಗೆದ್ದಲು ಹಾಗೂ ಕೊರಕ ಹುಳುಗಳ ಹಾವಳಿ. ಪಾರಂಪರಿಕ ಬಡಗಿಯ ತಿಳಿವಳಿಕೆ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿ, ಒಂದೊಂದಕ್ಕೂ ಪ್ರತ್ಯೇಕ ಉಪಾಯವನ್ನು ಕಂಡುಕೊಂಡಿತ್ತು. ಎಣ್ಣೆ ಬಳಿಯುವುದು ಆ ಉಪಾಯಗಳ ಸರಣಿಯಲ್ಲಿ ಕೊನೆಯದು.

ಮೊದಲನೆಯದು ಮರದ ಆಯ್ಕೆ. ಹೊರಗೆ ನಿಲ್ಲುವ ಮರಕ್ಕೆ ಚೇಗು ಮಾತ್ರ ಯೋಗ್ಯ, ತೊಗಟೆಯ ಒಳಗಿನ ಬಿಳಿಯ ಭಾಗವನ್ನು ಕೆತ್ತಿ ತೆಗೆಯಬೇಕು ಎಂಬುದು ಎಲ್ಲ ವಕ್ತೃಗಳೂ ಹೇಳುವ ಮಾತು. ಕಂಬಕ್ಕೆ ಹಲಸು, ಹೆಬ್ಬಲಸು, ಸಾಗುವಾನಿ; ತೇವ ತಾಗುವಲ್ಲಿಗೆ ಕಿರಾಲಬೋಗಿ; ಪಕ್ಕಾಸಿಗೆ ತಾಳೆ, ಬೈನೆ ಇಲ್ಲವೆ ಮತ್ತಿ ಎಂಬ ವಿಂಗಡಣೆ ಸಾಮಾನ್ಯವಾಗಿ ಕಂಡುಬರುತ್ತದೆ. ಚೇಗಿನಲ್ಲಿ ಸಂಚಿತವಾಗಿರುವ ರಾಸಾಯನಿಕಗಳೇ ಶಿಲೀಂಧ್ರಕ್ಕೂ ಗೆದ್ದಲಿಗೂ ತಡೆಯೊಡ್ಡುತ್ತವೆ. ಬಿಳಿಯ ಭಾಗದಲ್ಲಿರುವುದು ಹುಳುಗಳಿಗೆ ಆಹಾರವಾಗುವ ಪಿಷ್ಟ. ಮರವನ್ನು ಕೃಷ್ಣಪಕ್ಷದಲ್ಲಿಯೇ ಕಡಿಯಬೇಕೆಂಬ ನಂಬಿಕೆಯೂ, ಬಿದಿರನ್ನು ಹಾಗೂ ಅಡಕೆ ದಬ್ಬೆಯನ್ನು ವಾರಗಟ್ಟಲೆ ಕೆರೆಯ ಇಲ್ಲವೆ ಹೊಳೆಯ ನೀರಿನಲ್ಲಿ ಮುಳುಗಿಸಿಡುವ ಪದ್ಧತಿಯೂ ಇದರೊಂದಿಗೆ ಸೇರಿವೆ. ನೀರಿನಲ್ಲಿ ನೆನೆದ ಬಿದಿರಿನ ಪಿಷ್ಟ ಹಾಗೂ ಸಕ್ಕರೆಯ ಅಂಶಗಳು ಕರಗಿ ಹೋಗುವುದರಿಂದ ಅದಕ್ಕೆ ಹುಳು ಬೀಳುವುದು ಕಡಿಮೆಯಾಗುತ್ತದೆ.

ಎರಡನೆಯದು ರಚನೆಯ ಉಪಾಯ. ಕಂಬ ನೆಲವನ್ನು ಮುಟ್ಟದಂತೆ ತಳಗಲ್ಲಿನ ಮೇಲೆ ನಿಲ್ಲಿಸುವುದು, ಸೂರನ್ನು ಅಂಗಳದತ್ತ ಉದ್ದಕ್ಕೆ ಇಳಿಸುವುದು, ಕಂಬದ ತಲೆಯನ್ನು ಬೋದಿಗೆಯಿಂದ ಮುಚ್ಚುವುದು ಇದಕ್ಕೆ ನಿದರ್ಶನಗಳು. ಮರ ನೀರನ್ನು ಹೆಚ್ಚಾಗಿ ಹೀರುವುದು ಅಡ್ಡ ಕೊಯ್ದ ತುದಿಯಿಂದ. ನಾವು ಶಿಲ್ಪದ ದೃಷ್ಟಿಯಿಂದ ವರ್ಣಿಸುವ ಬೋದಿಗೆಯೂ ತಳಗಲ್ಲೂ ಆ ಎರಡು ತುದಿಗಳ ಮುಚ್ಚಳಗಳಾಗಿಯೂ ಕೆಲಸ ಮಾಡುತ್ತವೆ ಎಂಬುದು ಗಮನಾರ್ಹ. ದಣಪೆಯ ಅಡ್ಡಗೋಲುಗಳನ್ನು ಬಿಗಿಯಾಗಿ ಜೋಡಿಸದೆ ಕಲ್ಲಿನ ತೂತುಗಳಲ್ಲಿ ಸಡಿಲವಾಗಿ ಇಡುವುದರ ಹಿಂದೆಯೂ ಇದೇ ವಿವೇಕವಿದೆ: ಒಂದು ಗೋಲು ಕೊಳೆತರೆ ಅದೊಂದನ್ನೇ ಬದಲಿಸಿದರೆ ಸಾಕು.

ಮೂರನೆಯದು ಋತುಮಾನದ ಮರೆ. ಮಳೆಗಾಲಕ್ಕೆ ಮುನ್ನ ಜಗಲಿಯ ಗಾಳಿಮುಖಕ್ಕೆ ಕರಾವಳಿಯಲ್ಲಿ ತೆಂಗಿನ ಮಡಲಿನಿಂದಲೂ ಮಲೆನಾಡಿನಲ್ಲಿ ಅಡಕೆ ಸೋಗೆಯಿಂದಲೂ ಹೆಣೆದ ತಟ್ಟಿಗಳನ್ನು ಕಟ್ಟಿ, ಮಳೆ ಹಿಂದೆಗೆದ ಮೇಲೆ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಲಾಗುತ್ತಿತ್ತು. ದೇವಾಲಯದ ರಥಕ್ಕೆ ಮಳೆಗಾಲದಲ್ಲಿ ಮಡಲಿನ ಹೊದಿಕೆ ಹಾಕುವ ಪದ್ಧತಿ ಇದರದೇ ವಿಸ್ತರಣೆ. ಇಲ್ಲಿ ಕೊಳೆಯುವ ಕೆಲಸವನ್ನು ಅಗ್ಗದ ಮಡಲಿಗೆ ವಹಿಸಿ ಬೆಲೆಬಾಳುವ ಮರವನ್ನು ಉಳಿಸಿಕೊಳ್ಳಲಾಗಿದೆ.

೩. ಗೇರು: ಒಂದು ಹೆಸರಿನ ಚರಿತ್ರೆ

ಲೇಪನದ್ರವ್ಯಗಳಲ್ಲಿ ಮೊದಲ ಸ್ಥಾನ ಗೇರಿನೆಣ್ಣೆಗೆ ಸಲ್ಲುತ್ತದೆ. ಇಂದು ಈ ಹೆಸರು ಗೋಡಂಬಿಯ ಚಿಪ್ಪಿನಿಂದ ತೆಗೆದ ಕಪ್ಪು ಎಣ್ಣೆಯನ್ನು ಸೂಚಿಸುತ್ತದೆ. ಗೋಡಂಬಿಯಾದರೋ ಈ ನೆಲದ ಗಿಡವಲ್ಲ; ಬ್ರೆಜಿಲ್ ಮೂಲದ ಈ ಮರವನ್ನು ಭಾರತದ ಪಶ್ಚಿಮ ಕರಾವಳಿಗೆ ತಂದವರು ೧೬ನೆಯ ಶತಮಾನದ ಪೋರ್ಚುಗೀಸರು. ಆದರೆ ಗೇರು ಎಂಬ ಪದ ಅದಕ್ಕಿಂತ ಬಹಳ ಹಳೆಯದು. ಮಂಗಳೂರಿನಲ್ಲಿ ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಈ ಪದಕ್ಕೆ ಕೊಡುವ ಅರ್ಥ ಸಂಸ್ಕೃತದಲ್ಲಿ ಭಲ್ಲಾತಕವೆನಿಸಿಕೊಳ್ಳುವ ನಮ್ಮ ಕಾಡಿನ ಮರ. ಇದನ್ನು ಕರಿಗೇರು, ಕಾಡುಗೇರು ಎಂದೂ ಕರೆಯುತ್ತಾರೆ. ಮಲಯಾಳದ 'ಚೇರು', ತಮಿಳಿನ 'ಸೇರಾಂಕೊಟ್ಟೈ' ಇದೇ ಮೂಲದ ರೂಪಗಳು. ಕನ್ನಡದ 'ಕಿವಿ' ತಮಿಳು–ಮಲಯಾಳಗಳಲ್ಲಿ 'ಚೆವಿ' ಆಗುವಂತೆ, ಪೂರ್ವಸ್ವರದ ಮುಂದಿನ ಕಕಾರವು ಅಲ್ಲಿ ಚಕಾರವಾಗಿದೆ. ಕನ್ನಡವು ಹಳೆಯ ಕಕಾರವನ್ನು ಉಳಿಸಿಕೊಂಡು ಮುಂದೆ ಗಕಾರವಾಗಿಸಿಕೊಂಡಿದೆ.

ಭಲ್ಲಾತಕದ ಕಾಯಿಯ ಸಿಪ್ಪೆಯಲ್ಲಿ ಸುಡುವ ಗುಣದ ರಸವಿದ್ದು, ಗಾಳಿಗೆ ಒಡ್ಡಿದಾಗ ಅದು ಅಳಿಸಲಾರದ ಕಪ್ಪಾಗುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕಲು ಇದನ್ನು ಬಳಸುತ್ತಿದ್ದುದು ಪ್ರಸಿದ್ಧ. ೬ನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ಹೇಳುವ ವಜ್ರಲೇಪದಲ್ಲಿ ಗುಗ್ಗುಳ, ಸರ್ಜರಸ, ಅಗಸೆ, ಬಿಲ್ವಗಳ ಜೊತೆಗೆ ಭಲ್ಲಾತಕವೂ ಸೇರಿದೆ. ಪ್ರಾಸಾದ, ಹರ್ಮ್ಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಇದನ್ನು ಕಾಯಿಸಿ ಬಳಿದರೆ ಕೋಟಿ ವರ್ಷ ನಿಲ್ಲುತ್ತದೆ ಎಂದು ಅವನು ಹೇಳುತ್ತಾನೆ. ಆದರೆ ಈ ಶಾಸ್ತ್ರವಾಕ್ಯದಿಂದ ನಮ್ಮ ಜಗಲಿಯ ಕಂಬಕ್ಕೆ ನೇರ ಗೆರೆ ಎಳೆಯುವುದು ಸಾಧುವಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ (ಸು. ೧೧೩೦) ವಜ್ರಲೇಪವೆಂದರೆ ಎಮ್ಮೆಯ ಚರ್ಮವನ್ನು ಕುದಿಸಿ ಮಾಡಿದ ಅಂಟು, ಅದರ ಬಳಕೆ ಚಿತ್ರರಚನೆಗೆ. ಹೆಸರು ಒಂದೇ ಆದರೂ ದ್ರವ್ಯ ಬೇರೆ, ಉದ್ದೇಶ ಬೇರೆ. ಶಿಷ್ಟ ಗ್ರಂಥಗಳಿಂದ ನಮಗೆ ಖಚಿತವಾಗಿ ತಿಳಿಯುವುದಿಷ್ಟೆ: ಭಲ್ಲಾತಕದ ರಸವು ರಕ್ಷಕ ಲೇಪನಕ್ಕೆ ಒದಗುತ್ತದೆ ಎಂಬ ತಿಳಿವಳಿಕೆ ಪೋರ್ಚುಗೀಸರ ಆಗಮನಕ್ಕೆ ಸುಮಾರು ಸಾವಿರ ವರ್ಷ ಮೊದಲೇ ಭಾರತದಲ್ಲಿತ್ತು.

ಗೋಡಂಬಿ ಬಂದಾಗ ಕನ್ನಡಿಗರು ಅದನ್ನು ಗೇರು ಎಂದೇ ಕರೆದರು. ಮಲಯಾಳದಲ್ಲಿ ಅದು 'ಪರಂಗಿಮಾವ್', ಅಂದರೆ ಪರಂಗಿಯವರ ಮಾವು ಎನಿಸಿಕೊಂಡಿತು. ಒಂದು ಭಾಷೆ ತಂದವರನ್ನು ನೆನಪಿಟ್ಟುಕೊಂಡಿತು, ಇನ್ನೊಂದು ಅದು ಯಾವುದರ ಜಾತಿಯದು ಎಂಬುದನ್ನು ಗುರುತಿಸಿತು. ಎರಡು ಮರಗಳೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಎರಡರಲ್ಲಿಯೂ ಬೀಜವು ಉಬ್ಬಿದ ತೊಟ್ಟಿನ ತುದಿಯಲ್ಲಿ ಹೊರಗೆ ನಿಲ್ಲುತ್ತದೆ. ಎರಡರ ಚಿಪ್ಪಿನ ರಸವೂ ಚರ್ಮವನ್ನು ಸುಡುತ್ತದೆ, ಕಪ್ಪಾಗಿ ಒಣಗುತ್ತದೆ. ಹೆಸರಿನ ವರ್ಗಾವಣೆಗೆ ರೂಪಸಾಮ್ಯವಷ್ಟೇ ಸಾಕಿದ್ದಿರಬಹುದು. ಆದರೆ ಎಣ್ಣೆ ತೆಗೆಯುವ ವಿಧಾನವನ್ನು ಗಮನಿಸಿದರೆ ಹೆಸರಿನ ಜೊತೆಗೆ ತಂತ್ರವೂ ವರ್ಗಾವಣೆಯಾಯಿತೆಂದು ಊಹಿಸಲು ಅವಕಾಶವಿದೆ. ವೈದ್ಯ ಪರಂಪರೆಯಲ್ಲಿ ಭಲ್ಲಾತಕದ ಎಣ್ಣೆಯನ್ನು ಪಾತಾಳಯಂತ್ರದಿಂದ ತೆಗೆಯುತ್ತಾರೆ: ತಳ ತೂತಾದ ಮಡಕೆಯಲ್ಲಿ ಕಾಯಿ ತುಂಬಿ, ನೆಲದಲ್ಲಿ ಹೂತ ಇನ್ನೊಂದು ಮಡಕೆಯ ಮೇಲಿಟ್ಟು, ಸುತ್ತ ಬೆರಣಿಯ ಬೆಂಕಿ ಹಾಕಿದರೆ ಎಣ್ಣೆ ಕೆಳಗಿನ ಮಡಕೆಗೆ ಇಳಿಯುತ್ತದೆ. ನಾನು ಮಾತನಾಡಿಸಿದ ಹಿರಿಯ ಬಡಗಿಗಳು ಗೋಡಂಬಿ ಚಿಪ್ಪಿನ ಎಣ್ಣೆ ತೆಗೆಯಲು ವಿವರಿಸಿದ ಕ್ರಮವೂ ಇದೇ.

ಈ ಎಣ್ಣೆಯ ಗುಣವನ್ನು ರಸಾಯನಶಾಸ್ತ್ರ ವಿವರಿಸಬಲ್ಲದು. ಚಿಪ್ಪಿನ ರಸದ ಮುಖ್ಯ ಅಂಶ ಅನಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಎಂಬ ಫೀನಾಲು ಜಾತಿಯ ದ್ರವ್ಯವಾಗುತ್ತದೆ. ಫೀನಾಲಿನ ಅಂಶ ಹುಳುವಿಗೂ ಬೂಷ್ಟಿಗೂ ವಿಷ. ಅದಕ್ಕೆ ಅಂಟಿದ ಉದ್ದನೆಯ ಹೈಡ್ರೋಕಾರ್ಬನ್ ಸರಪಳಿ ನೀರನ್ನು ತಡೆಯುತ್ತದೆ, ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಎಣ್ಣೆಯನ್ನು ಕಾಯಿಸಿಯೇ ಬಳಿಯಬೇಕೆಂಬ ಬಡಗಿಯ ನಿಯಮಕ್ಕೆ ಇದೇ ಆಧಾರ.

ಗೇರಿನ ಅಪಾಯವನ್ನೂ ಜನಪದರು ಚೆನ್ನಾಗಿ ಅರಿತಿದ್ದರು. ಈ ಕುಲದ ಇನ್ನೊಂದು ಮರವಾದ ಹೊಳಗೇರಿನ ರಸ ತಾಗಿದರೆ ಮೈ ಊದಿಕೊಂಡು ಗುಳ್ಳೆಯೇಳುತ್ತದೆ. ನೆರೆಯ ಕೇರಳದಲ್ಲಿ ಚೇರುಮರದಿಂದ ಮೈ ಊದಿದವರು ತಾರೆಮರಕ್ಕೆ ಸುತ್ತುಬಂದು ಕ್ಷಮೆ ಬೇಡುವ ನಂಬಿಕೆ ಸುಪರಿಚಿತ. ಒಂದು ಮರ ಕೊಟ್ಟ ನೋವನ್ನು ಇನ್ನೊಂದು ಮರ ಶಮನಗೊಳಿಸುತ್ತದೆ ಎಂಬ ಈ ಆಚರಣೆಯನ್ನು ನಾವು ವೃಕ್ಷಾರಾಧನೆಯ ಶೀರ್ಷಿಕೆಯಡಿ ಸೇರಿಸಿ ಮುಗಿಸುತ್ತೇವೆ. ಆದರೆ ಮರದೊಡನೆ ದುಡಿಯುವವರ ವೃತ್ತಿಸಂಬಂಧಿ ಕಾಯಿಲೆಯ ದಾಖಲೆಯೂ ಅದರಲ್ಲಿದೆ. ೨೦ನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಗಳೂರಿನಲ್ಲಿ ಗೋಡಂಬಿ ಕಾರ್ಖಾನೆಗಳು ಬೆಳೆದಾಗ ಚಿಪ್ಪು ಒಡೆಯುವ ಕೆಲಸ ಬಹುಪಾಲು ಹೆಂಗಸರದಾಯಿತು. ಬೆರಳಿಗೆ ಬೂದಿ ಇಲ್ಲವೆ ಎಣ್ಣೆ ಹಚ್ಚಿಕೊಂಡು ಕುಳಿತರೂ ಅವರ ಕೈಗಳು ಕಪ್ಪಾಗಿ ಸುಲಿಯುತ್ತಿದ್ದವು. ಮರವನ್ನು ಕಾಯುವ ಎಣ್ಣೆಯ ಚರಿತ್ರೆಯಲ್ಲಿ ಆ ಕೈಗಳೂ ಸೇರುತ್ತವೆ.

೪. ಮೀನೆಣ್ಣೆ, ರಾಳ ಮತ್ತು ಹುರುಮಂಜಿ

ಎರಡನೆಯ ಮುಖ್ಯ ದ್ರವ್ಯ ಮೀನೆಣ್ಣೆ. ತುಳುವಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದ ಕೊಂಕಣಿಯಲ್ಲಿ ತಾರ್ಲೆ ಎನಿಸಿಕೊಳ್ಳುವ ಮೀನನ್ನು ದೊಡ್ಡ ಕಡಾಯಿಗಳಲ್ಲಿ ಬೇಯಿಸಿ, ಹಿಂಡಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು ದೋಣಿಯ ಹೊರಮೈಗೆ ಬಳಿಯುವುದು ಮೊಗವೀರರ ಹಾಗೂ ಖಾರ್ವಿಗಳ ಪಾರಂಪರಿಕ ಕೆಲಸ. ೨೦ನೆಯ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಮದ್ರಾಸು ಸರ್ಕಾರದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಫ್ರೆಡರಿಕ್ ನಿಕಲ್ಸನ್ ಈ ಎಣ್ಣೆ ಮತ್ತು ಹಿಂಡಿಯ ತಯಾರಿಕೆಗೆ ಉತ್ತೇಜನ ನೀಡಿದ ಮೇಲೆ, ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲತೀರದಲ್ಲಿ ಮೀನೆಣ್ಣೆಯ ಸಣ್ಣ ಕಾರ್ಖಾನೆಗಳು ತಲೆಯೆತ್ತಿದವು. ಮೀನೆಣ್ಣೆಯಲ್ಲಿ ಅಪರ್ಯಾಪ್ತ ಮೇದಾಮ್ಲಗಳು ಹೇರಳವಾಗಿರುವುದರಿಂದ ಅದು ಗಾಳಿಯ ಆಮ್ಲಜನಕವನ್ನು ಹೀರಿ ತೆಳುವಾದ ಪದರವಾಗಿ ಗಟ್ಟಿಯಾಗುತ್ತದೆ.

ದೋಣಿಯಿಂದ ಮನೆಗೆ ಬಂದ ಈ ಎಣ್ಣೆ ಎಲ್ಲ ಮನೆಗಳನ್ನೂ ಪ್ರವೇಶಿಸಲಿಲ್ಲ. ವಕ್ತೃಗಳು ಹೇಳುವಂತೆ, ಮೀನು ತಿನ್ನದ ಮನೆಗಳಲ್ಲಿ ಅದು ದಣಪೆ ಕೊಟ್ಟಿಗೆಗಳಿಂದಾಚೆ, ಹೊಸ್ತಿಲ ಕಡೆಗೆ, ಬರುವಂತಿರಲಿಲ್ಲ. ಅಲ್ಲಿ ಗೇರಿನೆಣ್ಣೆ ಅಥವಾ ಹೊಂಗೆಯೆಣ್ಣೆ ಬಳಕೆಯಾಗುತ್ತಿತ್ತು. ಹೊಂಗೆಯೆಣ್ಣೆ ಕಹಿಯಾದ್ದರಿಂದ ಹುಳುವನ್ನು ದೂರವಿಡುತ್ತದೆ, ಆದರೆ ಒಣಗಿ ಪದರವಾಗುವುದಿಲ್ಲ. ಆದ್ದರಿಂದ ಅದನ್ನು ಮತ್ತೆ ಮತ್ತೆ ಬಳಿಯಬೇಕಾಗುತ್ತದೆ. ಹೀಗೆ ಮರದ ಮೇಲಿನ ಎಣ್ಣೆಯ ಆಯ್ಕೆಯನ್ನು ನಿರ್ಧರಿಸಿದ್ದು ಎಣ್ಣೆಯ ಗುಣವೊಂದೇ ಅಲ್ಲ, ಮಡಿಮೈಲಿಗೆಯ ಗಡಿಗಳೂ ಹೌದು.

ಮೂರನೆಯದು ರಾಳ. ಘಟ್ಟದ ಕೆಳಗಿನ ರಸ್ತೆಗಳ ಬದಿಯಲ್ಲಿ ಸಾಲುಮರವಾಗಿ ನೆಡಲ್ಪಟ್ಟ ಸಾಲುಧೂಪದ ತೊಗಟೆಯನ್ನು ಗಾಯಗೊಳಿಸಿದಾಗ ಒಸರುವ ಬಿಳಿಯ ರಾಳವನ್ನು ಬಿಸಿಯೆಣ್ಣೆಯಲ್ಲಿ ಕರಗಿಸಿದರೆ ಹೊಳಪಿನ ಮೆರುಗೆಣ್ಣೆಯಾಗುತ್ತದೆ. ಇದು ಬಾಗಿಲಿಗೂ ತೊಟ್ಟಿಲಿಗೂ ಸಲ್ಲುತ್ತಿತ್ತು. ಚನ್ನಪಟ್ಟಣದ ಗೊಂಬೆಗಳಿಂದ ಹೆಸರಾದ ಅರಗಿನ ಲೇಪ ಮಾತ್ರ ಹೊರಮರಕ್ಕೆ ಬರಲಿಲ್ಲ. ಅರಗು ಬಿಸಿಲಿಗೆ ಮೆದುವಾಗುತ್ತದೆ, ನೀರಿಗೆ ಬೆಳ್ಳಗಾಗುತ್ತದೆ.

ನಾಲ್ಕನೆಯದು ಹುರುಮಂಜಿ. ಹಳೆಯ ಮನೆಗಳ ಬಾಗಿಲು ಕಂಬಗಳ ಕೆಂಪು ಬಣ್ಣವನ್ನು ಮಂಗಳಸೂಚಕವೆಂದು ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಕೆಂಪುಮಣ್ಣಿನ ಕಬ್ಬಿಣದ ಆಕ್ಸೈಡು ಅತಿನೇರಳೆ ಕಿರಣಗಳನ್ನು ಹೀರಿ ಮರದ ಮೇಲ್ಮೈಯನ್ನು ಬಿಸಿಲಿನಿಂದ ಕಾಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಬರಿಯ ಎಣ್ಣೆ ನೀರನ್ನು ತಡೆಯಬಲ್ಲದು, ಬಿಸಿಲನ್ನು ತಡೆಯಲಾರದು. ಎಣ್ಣೆಯಲ್ಲಿ ಕಲಸಿದ ಹುರುಮಂಜಿ ಎರಡನ್ನೂ ಮಾಡುತ್ತದೆ. ಈ ಪದ ಪರ್ಷಿಯಾ ಕೊಲ್ಲಿಯ ಹೊರ್ಮುಜ್ ದ್ವೀಪದ ಹೆಸರಿನಿಂದ ಬಂದುದು. ಆ ದ್ವೀಪದ ಕೆಂಪುಮಣ್ಣು ಇಂದಿಗೂ ಪ್ರಸಿದ್ಧ. ದಕ್ಷಿಣ ಅಮೆರಿಕದ ಬೀಜ, ಅರಬ್ಬೀ ಸಮುದ್ರದ ಮೀನು, ಘಟ್ಟದ ರಾಳ, ಹೊರ್ಮುಜಿನ ಹೆಸರು ಹೊತ್ತ ಮಣ್ಣು ಒಂದೇ ಜಗಲಿಯ ಕಂಬದ ಮೇಲೆ ಕೂಡಿರುವಾಗ, 'ದೇಸಿ ಜ್ಞಾನ'ವೆಂದರೆ ಹೊರಗಿನದಕ್ಕೆ ಬಾಗಿಲು ಮುಚ್ಚಿದ ಜ್ಞಾನವೆಂದು ತಿಳಿಯುವುದು ತಪ್ಪಾಗುತ್ತದೆ.

೫. ಕಾಲ ಮತ್ತು ಕೈಗಳು

ಈ ದ್ರವ್ಯಗಳಲ್ಲಿ ಯಾವುದೂ ಶಾಶ್ವತವಲ್ಲ. ಆದ್ದರಿಂದಲೇ ಅವುಗಳಿಗೆ ಒಂದು ಪಂಚಾಂಗವಿತ್ತು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆ, ಕೋಲ ಜಾತ್ರೆಗಳಿಗೆ ಮುಕ್ತಾಯದ ಗೆರೆ. ಅದರೊಳಗಾಗಿ ಸೂರು ಸರಿಪಡಿಸಿ, ತಟ್ಟಿ ಹೆಣೆದು, ಮರಕ್ಕೆ ಎಣ್ಣೆ ಕುಡಿಸಿ ಮುಗಿಯಬೇಕು ಎಂಬುದು ಹಿರಿಯರ ಲೆಕ್ಕ. ಬೇಸಗೆಯಲ್ಲಿ ಮರ ಅತ್ಯಂತ ಒಣಗಿದ ಸ್ಥಿತಿಯಲ್ಲಿರುವುದರಿಂದ ಆಗಲೇ ಅದು ಹೆಚ್ಚು ಎಣ್ಣೆ ಹೀರುತ್ತದೆ. 'ಎಣ್ಣೆ ಬಳಿಯುವುದು' ಎನ್ನದೆ 'ಎಣ್ಣೆ ಕುಡಿಸುವುದು' ಎಂಬ ನುಡಿಗಟ್ಟನ್ನು ಬಳಸುವುದರಲ್ಲಿಯೂ ಈ ಅರಿವು ಇದೆ. ಮಳೆ ಮುಗಿದು ನವರಾತ್ರಿಯಿಂದ ದೀಪಾವಳಿಯವರೆಗಿನ ಅವಧಿಯಲ್ಲಿ ಬೂಷ್ಟನ್ನು ತಿಕ್ಕಿ ತೊಳೆದು, ಒಣಗಿಸಿ, ಎರಡನೆಯ ಬಾರಿ ತೆಳುವಾಗಿ ಎಣ್ಣೆ ಒರೆಸುತ್ತಿದ್ದರು. ತಿಕ್ಕುವ ತೊಳೆಯುವ ಕೆಲಸ ಮನೆಯ ಹೆಂಗಸರದು, ಕಾಯಿಸಿ ಕುಡಿಸುವ ಕೆಲಸ ಆಚಾರಿಯದು ಅಥವಾ ಒಕ್ಕಲುಗಳದು.

ಈ ಕ್ರಮದ ಮುಖ್ಯ ಫಲ ಎಣ್ಣೆಯಲ್ಲ, ನೋಟ. ವರ್ಷಕ್ಕೆ ಎರಡು ಬಾರಿ ಮನೆಯ ಪ್ರತಿಯೊಂದು ಮರವನ್ನೂ ಯಾರಾದರೊಬ್ಬರು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಗೆದ್ದಲಿನ ಮಣ್ಣಿನ ದಾರಿ, ಸಡಿಲಗೊಂಡ ಕೀಲು, ಮೆತ್ತಗಾದ ತಳ ಇವೆಲ್ಲ ಆಗಲೇ ಕಣ್ಣಿಗೆ ಬೀಳುತ್ತಿದ್ದವು. ಹುಲ್ಲಿನ ಹೊದಿಕೆಯ ಮನೆಗಳಲ್ಲಿ ವರ್ಷವರ್ಷವೂ ಹೊದಿಕೆ ಬದಲಿಸುವಾಗ ಮಾಡಿನ ಮರವೂ ತಪಾಸಣೆಗೆ ಒಳಗಾಗುತ್ತಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಹಂಚು ಕ್ರಮೇಣ ಹುಲ್ಲನ್ನು ಸ್ಥಳಾಂತರಿಸಿತು. ಮನೆಗಳು ಬೆಂಕಿಯ ಭಯದಿಂದ ಪಾರಾದವು, ವರ್ಷದ ಹೊದಿಕೆಯ ದುಡಿಮೆ ಉಳಿಯಿತು. ಅದರೊಂದಿಗೆ ಪಕ್ಕಾಸನ್ನು ವರ್ಷಕ್ಕೊಮ್ಮೆ ನೋಡುವ ಸಂದರ್ಭವೂ ಇಲ್ಲವಾಯಿತು.

ಇಲ್ಲಿ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ದೊಡ್ಡ ಗುತ್ತುಮನೆಗಳ ನೂರಾರು ಕಂಬ ಪಕ್ಕಾಸುಗಳಿಗೆ ಎಣ್ಣೆ ಕುಡಿಸಿದ ಕೈಗಳು ಬಹುಪಾಲು ಕೂಲಿಯಿಲ್ಲದ ಕೈಗಳು. ಮಳೆಗಾಲದ ತಯಾರಿ ಒಕ್ಕಲುಗಳು ಒಡೆಯರಿಗೆ ಸಲ್ಲಿಸಬೇಕಾಗಿದ್ದ ಬಿಟ್ಟಿ ಚಾಕರಿಯ ಭಾಗವಾಗಿತ್ತು. ೧೯೭೪ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯ ನಂತರ ಗೇಣಿದಾರರು ಭೂಮಿಯ ಒಡೆಯರಾದಾಗ ಈ ಚಾಕರಿಯೂ ಕೊನೆಗೊಂಡಿತು. ಆನಂತರ ಎಷ್ಟೋ ದೊಡ್ಡ ಮನೆಗಳು ಪಾಲನೆಯಿಲ್ಲದೆ ಶಿಥಿಲವಾದವು. ಈ ಶೈಥಿಲ್ಯವನ್ನು ಪರಂಪರೆಯ ನಾಶವೆಂದಷ್ಟೇ ವರ್ಣಿಸುವುದು ಅರ್ಧಸತ್ಯ. ಆ ಪಾಲನೆ ನಿಂತಿದ್ದ ಸಾಮಾಜಿಕ ಅಡಿಪಾಯ ಅನ್ಯಾಯದ್ದಾಗಿತ್ತು, ಅದು ಹೋದದ್ದು ಸರಿ. ಅದರೊಂದಿಗೆ ಹೋಗಬಾರದಿದ್ದುದು ಆ ದುಡಿಮೆಯೊಳಗಿದ್ದ ತಿಳಿವಳಿಕೆ. ಆ ತಿಳಿವಳಿಕೆಯ ವಾರಸುದಾರರು ಒಡೆಯರಲ್ಲ, ಎಣ್ಣೆ ಕಾಯಿಸಿದವರು.

೬. ಡಬ್ಬಿಯ ಬಣ್ಣದ ಕಾಲ

ಕೈಗಾರಿಕಾ ಯುಗ ಮರದ ರಕ್ಷಣೆಯನ್ನು ಮನೆಯಿಂದ ಕಾರ್ಖಾನೆಗೆ ಒಯ್ದಿತು. ಇಂಗ್ಲೆಂಡಿನಲ್ಲಿ ಜಾನ್ ಬೆಥೆಲ್ ೧೮೩೮ರಲ್ಲಿ ಕಲ್ಲಿದ್ದಲಿನ ಟಾರಿನಿಂದ ಬರುವ ಕ್ರಿಯೋಸೋಟ್ ಎಣ್ಣೆಯನ್ನು ಒತ್ತಡದಿಂದ ಮರದೊಳಕ್ಕೆ ನುಗ್ಗಿಸುವ ವಿಧಾನಕ್ಕೆ ಸ್ವಾಮ್ಯ ಪಡೆದನು. ರೈಲು ಹಳಿಯ ಸ್ಲೀಪರುಗಳಿಗೆ ಅದು ವರವಾಯಿತು. ಭದ್ರಾವತಿಯಲ್ಲಿ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಮರ ಭಟ್ಟಿ ಇಳಿಸುವ ಘಟಕದಲ್ಲಿ ಇದ್ದಿಲಿನ ಜೊತೆಗೆ ಮರದ ಟಾರೂ ದೊರೆಯುತ್ತಿತ್ತು. ೧೯೩೩ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳ ಮಿಶ್ರಣವನ್ನು ರೂಪಿಸಿದರು. 'ಆಸ್ಕು' ಎಂಬ ಹೆಸರಿನ ಈ ರಕ್ಷಕವು ಜಗತ್ತಿನಾದ್ಯಂತ ಬೇಲಿಕಂಬ, ವಿದ್ಯುತ್ ಕಂಬ, ಮನೆಯ ಹೊರಜಗಲಿಗಳಲ್ಲಿ ಬಳಕೆಯಾಯಿತು. ಆದರೆ ಆರ್ಸೆನಿಕ್ ಮಣ್ಣಿಗೆ ಸೋರುವ ಆತಂಕದಿಂದ ಅಮೆರಿಕದಲ್ಲಿ ೨೦೦೩ರ ಕೊನೆಯಲ್ಲಿ ವಾಸದ ಮನೆಗಳಿಗಾಗಿ ಈ ದ್ರವ್ಯದಿಂದ ಮರವನ್ನು ಸಂಸ್ಕರಿಸುವುದನ್ನು ಬಹುತೇಕ ನಿಲ್ಲಿಸಲಾಯಿತು. ಇತ್ತ ಬೆಂಗಳೂರಿನಲ್ಲಿ ೧೯೩೮ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಸಂಸ್ಥೆ ೧೯೮೮ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆಯಿತು. ಗೇರುಚಿಪ್ಪಿನ ಎಣ್ಣೆಗೆ ತಾಮ್ರವನ್ನು ಸೇರಿಸಿ ದೋಣಿಯ ಮರವನ್ನು ಕಾಯುವ ಪ್ರಯೋಗಗಳನ್ನು ಭಾರತದ ಮರವಿಜ್ಞಾನಿಗಳು ನಡೆಸಿದ್ದಾರೆ. ಹಳೆಯ ದ್ರವ್ಯ ಹೀಗೆ ಪ್ರಯೋಗಾಲಯವನ್ನೂ ಪ್ರವೇಶಿಸಿತು.

ಸಾಮಾನ್ಯ ಮನೆಗಳಲ್ಲಾದರೋ ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಡಬ್ಬಿಯ ಎನಾಮಲ್ ಬಣ್ಣ ಮತ್ತು ವಾರ್ನಿಷ್ ನೆಲೆಯೂರಿದವು. ದಣಪೆ ಗೂಟಗಳಿಗೆ ಲಾರಿಯ ಸುಟ್ಟ ಆಯಿಲ್ ಬಂದಿತು. ಡಬ್ಬಿಯ ಬಣ್ಣ ಕೆಟ್ಟದ್ದೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅದರ ತತ್ತ್ವವೇ ಬೇರೆ. ಎಣ್ಣೆ ಮರದೊಳಗೆ ಇಳಿಯುತ್ತದೆ. ಬಣ್ಣ ಮೇಲೆ ಚರ್ಮದಂತೆ ಕೂರುತ್ತದೆ. ಚರ್ಮ ಬಿಡದಿರುವವರೆಗೆ ರಕ್ಷಣೆ ಉತ್ತಮ. ಬಿಸಿಲಿಗೆ ಅದು ಬಿರಿದಾಗ ಬಿರುಕಿನಿಂದಲೂ ತಳದಿಂದಲೂ ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ಕೊಳೆತ ಆರಂಭವಾಗುತ್ತದೆ, ಮೇಲೆ ಮಾತ್ರ ಹೊಳಪು ಉಳಿದಿರುತ್ತದೆ. ವರ್ಷಕ್ಕೆರಡು ಬಾರಿ ಮುಟ್ಟಿ ನೋಡುವ ಅಭ್ಯಾಸವಿದ್ದಲ್ಲಿ ಇದು ತಿಳಿಯುತ್ತಿತ್ತು. 'ಹಚ್ಚಿದರೆ ಹತ್ತು ವರ್ಷ' ಎಂಬ ನಿರೀಕ್ಷೆ ಆ ಅಭ್ಯಾಸವನ್ನೇ ಅನಗತ್ಯವಾಗಿಸಿತು.

ಇದಕ್ಕೆ ನಿದರ್ಶನವಾಗಿ ಆರಂಭದಲ್ಲಿ ಹೇಳಿದ ಮನೆಯ ಕಂಬಗಳ ಮುಂದಿನ ಕಥೆಯನ್ನು ಹೇಳಬೇಕಾಗಿದೆ. ಆ ಹಿರಿಯಾಕೆ ತೀರಿಕೊಂಡ ಮೇಲೆ ಮನೆಯನ್ನು ಬಿಚ್ಚಲಾಯಿತು. ಎರಡು ಕಂಬಗಳು ಒಂದು ಸಂಗ್ರಹಾಲಯವನ್ನು ಸೇರಿದವು. ಅಲ್ಲಿ ಅವುಗಳನ್ನು ತೆರೆದ ಜಗಲಿಯಲ್ಲಿ ಸಿಮೆಂಟು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಮೈಮೇಲಿನ ಕಪ್ಪು ಪದರವನ್ನು ಪೂರ್ತಿ ಕೆರೆದು ತೆಗೆದು, ಹೊಳಪಿನ ವಾರ್ನಿಷ್ ಬಳಿದಿದ್ದರು. ಕೆಲವು ಮಳೆಗಾಲಗಳ ನಂತರ ನಾನು ನೋಡಿದಾಗ ಬೋದಿಗೆಯ ಗಿಳಿ ಹಾಗೆಯೇ ಇತ್ತು. ಕಂಬದ ಬುಡ ಬೆರಳಿನಿಂದ ಒತ್ತಿದರೆ ಒಳಹೋಗುತ್ತಿತ್ತು. ಕಪ್ಪು ಪದರವನ್ನು ಏಕೆ ತೆಗೆದಿರಿ ಎಂದು ವಿಚಾರಿಸಿದೆ. ಕಂಬಗಳೊಂದಿಗೆ ಬಂದ ದಾಖಲೆಪತ್ರದ ನಕಲನ್ನು ಅಲ್ಲಿನವರು ತೋರಿಸಿದರು. 'ಸ್ಥಿತಿ' ಎಂಬ ಅಂಕಣದಲ್ಲಿ 'ಕಪ್ಪು ಜಿಡ್ಡು ಹಿಡಿದಿದೆ, ಶುಚಿಗೊಳಿಸಬೇಕು' ಎಂದಿತ್ತು. ಕೈಬರಹ ನನ್ನದೇ. ತಲೆಮಾರುಗಳ ಗೇರಿನೆಣ್ಣೆಯನ್ನು ನಾನು ಜಿಡ್ಡು ಎಂದು ಬರೆದಿದ್ದೆ, ಅವರು ನನ್ನ ಮಾತನ್ನು ನಂಬಿದ್ದರು.

೭. ಸಮಾಪನ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕರಾವಳಿ ಮಲೆನಾಡುಗಳಲ್ಲಿ ಹೊರಮರದ ರಕ್ಷಣೆ ಆಯ್ಕೆ, ರಚನೆ, ಮರೆ, ಲೇಪನ, ತಪಾಸಣೆ ಎಂಬ ಐದು ಅಂಗಗಳ ಒಂದು ವ್ಯವಸ್ಥೆಯಾಗಿತ್ತು. ಲೇಪನವನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಅದರ ಅರ್ಥ ತಿಳಿಯುವುದಿಲ್ಲ. ಈ ವ್ಯವಸ್ಥೆ ಸ್ಥಗಿತವಾದುದಲ್ಲ. ಗೇರು ಎಂಬ ಹೆಸರಿನ ಚರಿತ್ರೆ ತೋರಿಸುವಂತೆ ಅದು ಹೊಸ ದ್ರವ್ಯವನ್ನು ಹಳೆಯ ತಿಳಿವಳಿಕೆಯೊಳಕ್ಕೆ ಬರಮಾಡಿಕೊಂಡಿತು. ಅದು ನಿರ್ದೋಷಿಯೂ ಅಲ್ಲ. ಸುಟ್ಟ ಬೆರಳುಗಳು ಮತ್ತು ಬಿಟ್ಟಿ ಚಾಕರಿ ಅದರ ಚರಿತ್ರೆಯಿಂದ ಬೇರ್ಪಡಿಸಲಾಗದವು.

ಈ ಹಿನ್ನೆಲೆಯಲ್ಲಿ ಒಂದು ಸಲಹೆಯನ್ನು ವಿದ್ವಾಂಸರ ಹಾಗೂ ಸಂಗ್ರಹಾಲಯಗಳ ಮುಂದಿಡಲು ಬಯಸುತ್ತೇನೆ. ಮರದ ವಸ್ತುಗಳನ್ನು ದಾಖಲಿಸುವ ನಮ್ಮ ಪತ್ರಗಳಲ್ಲಿ ಹೆಸರು, ಅಳತೆ, ಕಾಲ, ವಿನ್ಯಾಸ, ಸ್ಥಿತಿ ಎಂಬ ಅಂಕಣಗಳಿವೆ. ಇವುಗಳೊಂದಿಗೆ 'ಪಾಲನೆ' ಎಂಬ ಇನ್ನೊಂದು ಅಂಕಣ ಅಗತ್ಯ. ಮರ ಯಾವುದು, ಏನನ್ನು ಕುಡಿಸುತ್ತಿದ್ದರು, ಯಾವ ತಿಂಗಳಲ್ಲಿ, ಯಾರು, ಎಲ್ಲಿ ನಿಂತಿತ್ತು, ತಳದಲ್ಲಿ ಏನಿತ್ತು ಎಂಬ ಆರು ಪ್ರಶ್ನೆಗಳನ್ನು ಅಲ್ಲಿ ಕೇಳಬೇಕು. ಮೇಲ್ಮೈಯ ಯಾವುದೇ ಪದರವನ್ನು ಅದು ಏನೆಂದು ಗುರುತಿಸದೆ ಕೆರೆಯಬಾರದು. ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಉತ್ತರ ಹೇಳಬಲ್ಲವರನ್ನು ಅವರು ಇರುವಾಗಲೇ ಹೋಗಿ ಕೇಳಬೇಕು, ಅಷ್ಟೆ. ಗೇರುಚಿಪ್ಪನ್ನು ಪಾತಾಳಯಂತ್ರದಲ್ಲಿಟ್ಟು ಎಣ್ಣೆ ಇಳಿಸಿದ ಅನುಭವವಿರುವ, ನಾನು ಭೇಟಿ ಮಾಡಿದ ಬಡಗಿಗಳಲ್ಲಿ ಎಪ್ಪತ್ತು ವರ್ಷಕ್ಕಿಂತ ಕಿರಿಯರು ಒಬ್ಬರೂ ಇಲ್ಲ. ಆ ಹಿರಿಯಾಕೆಯ ಪ್ರಶ್ನೆಗೆ ಅವರಿಂದಲೇ ಉತ್ತರ ಪಡೆಯುವ ಅವಕಾಶವನ್ನು ನಾನು ಕಳೆದುಕೊಂಡೆ. ಇತರ ಸಂಶೋಧಕರು ಕಳೆದುಕೊಳ್ಳದಿರಲಿ ಎಂಬುದು ಈ ಬರಹದ ಆಶಯ.